‘ವೇಕೆನ್ಸಿ’ ಲೇಖನ ಕಳಿಸಿದವರಿಗೆ

ನಮಸ್ಕಾರ.

ಸರ್ಕಾರಿ ಹುದ್ದೆಗಳು ಖಾಲಿ ಬಿದ್ದಿರುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ತೊಡಕಿರುವುದು ನೀವು ‘ವೇಕೆನ್ಸಿ’ ಎಂದಿರುವ ಕಡೆಯಲ್ಲೆಲ್ಲ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ‘ಈ ಸಲ ವೇಕೆನ್ಸಿ ಎಷ್ಟು?’ ಎಂದರೆ, ಅಧಿಸೂಚನೆಯಲ್ಲಿ ಎಷ್ಟು ಹುದ್ದೆ ಕರೆದಿದ್ದಾರೆ, ನಮ್ಮ ಕೆಟಗರಿಗೆ ಎಷ್ಟು ಎಂದು ಕೇಳಿದಂತೆ. ಕಚೇರಿಯ ಸಿಬ್ಬಂದಿ ಶಾಖೆಯವರಿಗೆ ಅದು ಮಂಜೂರಾದ ಹುದ್ದೆಗಳಲ್ಲಿ ಭರ್ತಿಯಾದವನ್ನು ಕಳೆದು ಉಳಿಯುವ ಸಂಖ್ಯೆ. ನೀವು ಮೊದಲ ಪುಟದಲ್ಲಿ ಒಂದನ್ನು ಹಿಡಿದು, ಮೂರನೇ ಪುಟದಲ್ಲಿ ಇನ್ನೊಂದಕ್ಕೆ ಜಾರಿ, ಎರಡೂ ತಾಳೆಯಾಗಲಿಲ್ಲವೆಂದು ‘ಸರ್ಕಾರ ಹುದ್ದೆ ನುಂಗಿದೆ’ ಎಂದಿದ್ದೀರಿ. ಇಷ್ಟು ದೊಡ್ಡ ಆರೋಪಕ್ಕೆ ಇದು ಆಧಾರವಾಗದು.

ನಿಮ್ಮದೇ ಸಾಲು ನೋಡಿ: ‘ನಮ್ಮ ತಾಲ್ಲೂಕು ಕಚೇರಿಯಲ್ಲಿ ಹನ್ನೆರಡು ವೇಕೆನ್ಸಿ ಇದ್ದರೂ ಅರ್ಜಿ ಕರೆದಿಲ್ಲ.’ ಯಾವ ಹನ್ನೆರಡು? ಶಿರಸ್ತೇದಾರರ ಹುದ್ದೆ ಖಾಲಿಯಿದ್ದರೆ ಅದು ಬಡ್ತಿಯಿಂದ ತುಂಬಬೇಕಾದದ್ದು, ಅದಕ್ಕೆ ಹೊರಗಿನವರಿಂದ ಅರ್ಜಿ ಕರೆಯುವುದಿಲ್ಲ. ಗ್ರಾಮ ಆಡಳಿತ ಅಧಿಕಾರಿಯ ಹುದ್ದೆಯಾದರೆ ನೇರ ನೇಮಕಾತಿ, ಅಲ್ಲಿ ನಿಮ್ಮ ಪ್ರಶ್ನೆ ಸರಿ. ನಿಯೋಜನೆ ಮೇಲೆ ಬೇರೆ ಕಡೆ ಹೋದವರ ಕುರ್ಚಿಯನ್ನೂ ನೀವು ಎಣಿಸಿರಬಹುದು. ಕುರ್ಚಿಯಲ್ಲಿ ಯಾರೂ ಕಾಣಲಿಲ್ಲವೆಂದ ಮಾತ್ರಕ್ಕೆ ಹುದ್ದೆ ಖಾಲಿ ಎಂದಲ್ಲ.

‘ಹುದ್ದೆ ಖಾಲಿಯಿದ್ದರೆ ಅದು ಅರ್ಹರ ಹಕ್ಕು’ ಎಂಬ ಸಾಲನ್ನೂ ತೆಗೆಯಿರಿ. ಆಯ್ಕೆಪಟ್ಟಿಯಲ್ಲಿ ಹೆಸರಿದ್ದರೂ ನೇಮಕಾತಿ ಹಕ್ಕಾಗದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಶಂಕರ್‌ಸನ್ ದಾಶ್ ಪ್ರಕರಣದಲ್ಲಿ 1991ರಲ್ಲೇ ಹೇಳಿದೆ. ಹಾಗೆಂದು ಸರ್ಕಾರ ಮನಬಂದಂತೆ ನಡೆಯುವಂತಿಲ್ಲ ಎಂದೂ ಅದೇ ತೀರ್ಪು ಹೇಳುತ್ತದೆ. ನಿಮಗೆ ಬೇಕಾದದ್ದು ಆ ಎರಡನೇ ಮಾತು.

ಲೇಖನದ ಜೀವ ಇರುವುದು ನಾಲ್ಕನೇ ಪುಟದಲ್ಲಿ. ವಯೋಮಿತಿ ದಾಟಿದ ನಿಮ್ಮ ಗೆಳೆಯ ರೂಮು ಖಾಲಿ ಮಾಡುವಾಗ ನೋಟ್ಸುಗಳನ್ನು ಕಿರಿಯರಿಗೆ ಹಂಚಿ, ಕ್ಯಾಲ್ಕುಲೇಟರ್ ಮಾತ್ರ ಇಟ್ಟುಕೊಂಡ ಭಾಗ. ಅದನ್ನು ನಾಲ್ಕೇ ಸಾಲಿಗೆ ಮುಗಿಸಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಏಕೆಂದರೆ ಅವರಿಗೆ ಮುಳುವಾದದ್ದು ಹುದ್ದೆಗಳ ಕೊರತೆಯಲ್ಲ, ಹುದ್ದೆ ಖಾಲಿಯಾಗುವುದಕ್ಕೂ ಅಧಿಸೂಚನೆ ಹೊರಡುವುದಕ್ಕೂ ನಡುವೆ ಕಳೆದುಹೋಗುವ ಕಾಲ. 2024ರ ಅಕ್ಟೋಬರಿನಲ್ಲಿ, ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವುಗಳೊಳಗೇ ಹಂಚುವ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆ ಬೇಡವೆಂದು ರಾಜ್ಯ ಸಚಿವ ಸಂಪುಟ ನಿರ್ಧರಿಸಿತು. ಆ ಹಂಚಿಕೆಗೆ ಸಂಪುಟ ಒಪ್ಪಿದ್ದು 2025ರ ಆಗಸ್ಟಿನಲ್ಲಿ. ಒಳಮೀಸಲಾತಿ ಬೇಡಿಕೆ ನ್ಯಾಯವಾದದ್ದು, ಕಾದು ಕೂತವರ ಸಂಕಟವೂ ಸುಳ್ಳಲ್ಲ. ಎರಡನ್ನೂ ಬರೆಯಿರಿ. 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳನ್ನೂ ನೆನೆಯಿರಿ: 2021ರಲ್ಲಿ ಕರೆದದ್ದು, ಅಕ್ರಮ ಬಯಲಾಗಿ 2022ರಲ್ಲಿ ರದ್ದಾದದ್ದು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ.

ಇನ್ನು ಆ ಹನ್ನೆರಡರ ವಿಷಯ. ತಹಶೀಲ್ದಾರರ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ವೃಂದವಾರು, ಅಂದರೆ ಹುದ್ದೆಯ ದರ್ಜೆಯಂತೆ, ಮಂಜೂರು, ಭರ್ತಿ, ಖಾಲಿ ಎಷ್ಟು, ಖಾಲಿಯಲ್ಲಿ ನೇರ ನೇಮಕಾತಿಗೆ ಎಷ್ಟು, ಬಡ್ತಿಗೆ ಎಷ್ಟು, ಬ್ಯಾಕ್‌ಲಾಗ್ (ಹಿಂದೆ ತುಂಬದೆ ಉಳಿದ ಮೀಸಲು ಹುದ್ದೆ) ಎಷ್ಟು, ಪ್ರತಿಯೊಂದೂ ಯಾವಾಗಿನಿಂದ ಖಾಲಿ ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಅದು ಬಂದ ಮೇಲೆ ಗೆಳೆಯರ ಭಾಗದಿಂದಲೇ ಶುರುಮಾಡಿ, ಅವರ ಒಪ್ಪಿಗೆ ಪಡೆದು, ಮತ್ತೆ ಬರೆದು ಕಳಿಸಿ. ನಾನೇ ಓದುತ್ತೇನೆ.