ಪಾಪ್ ಸ್ಟಾರ್‌ಗಳು ನಿಜವಾಗಿಯೂ ಪ್ರಯೋಗ ಮಾಡುತ್ತಾರಾ, ಇಲ್ಲ ಟ್ರೆಂಡ್ ಹಿಂದೆ ಓಡುತ್ತಾರಾ?

ನಿಮ್ಮ ತಂಗಿ ಟೇಲರ್ ಸ್ವಿಫ್ಟ್ ಅಭಿಮಾನಿ. ಪ್ರತಿ ಆಲ್ಬಮ್ ಬಂದಾಗಲೂ "ಇದು ಹೊಸ ಪ್ರಯೋಗ" ಅನ್ನುತ್ತಾಳೆ. ನಿಮಗೆ ಮಾತ್ರ ಅದು ಆ ವರ್ಷ ಏನು ಓಡುತ್ತಿದೆಯೋ ಅದರ ಥರವೇ ಕೇಳಿಸುತ್ತದೆ. ಪಾಪ್ ಸ್ಟಾರ್‌ಗಳು ನಿಜಕ್ಕೂ ಪ್ರಯೋಗ ಮಾಡುತ್ತಾರಾ ಅಂತ ಕೇಳಿದ್ದೀರಿ.

ಬಹಳಷ್ಟು ಜನ, ಬಹಳಷ್ಟು ಸಲ, ಟ್ರೆಂಡ್ ಹಿಂದೆಯೇ ಹೋಗುತ್ತಾರೆ. ಕೆಲವರು ಕೆಲವು ಸಲ ನಿಜವಾಗಿಯೂ ಪ್ರಯೋಗ ಮಾಡಿದ್ದಾರೆ. ಯಾವುದು ಯಾವುದು ಅಂತ ತಿಳಿಯಲು ನಾನು ಒಂದು ವಿಷಯ ನೋಡುತ್ತೇನೆ. ಹಳೇ ದಾರಿಯಲ್ಲಿ ಹಾಡು ಚೆನ್ನಾಗಿ ಓಡುತ್ತಿರುವಾಗಲೇ ಅದನ್ನು ಬಿಟ್ಟರಾ, ಅಥವಾ ಓಟ ನಿಂತ ಮೇಲೆ ಬಿಟ್ಟರಾ?

ನಾನು ಶಿವಮೊಗ್ಗದವನು. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಗಣಪತಿ, ಜಾತ್ರೆ, ಮದುವೆ ರಿಸೆಪ್ಷನ್, ಇವೇ ನಮ್ಮ ಸೀಸನ್. ಟ್ರೆಂಡ್ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದು ಹಾಡು ಹಿಟ್ ಆಯಿತು ಅಂದರೆ ಮುಂದಿನ ಪ್ರೋಗ್ರಾಮಿಗೆ ಅದರ ಟೋನ್ ನನ್ನ ಕೀಬೋರ್ಡಿನಲ್ಲಿ ಇರಲೇಬೇಕು. ಪ್ಯಾಡ್ ನುಡಿಸುವವನ ಹತ್ತಿರ ಅದರ ಬೀಟ್ ಇರಲೇಬೇಕು. ಸ್ಟೇಜಿಗೆ ಬರುವ ಚೀಟಿಗಳಲ್ಲಿ "ಏನಾದರೂ ಹೊಸದು ನುಡಿಸಿ" ಅಂತ ಬರೆದದ್ದು ನಾನಂತೂ ನೋಡಿಲ್ಲ. ಬರೆಯುವುದು ಹೋದ ತಿಂಗಳ ಹಿಟ್ ಹೆಸರು. ಇಲ್ಲದಿದ್ದರೆ ಅಪ್ಪನ ಕಾಲದ ಹಿಟ್ ಹೆಸರು. ಹಾಗಾಗಿ ಟ್ರೆಂಡ್ ಹಿಂದೆ ಹೋಗುವವರನ್ನು ನಾನು ಬೈಯುವುದಿಲ್ಲ. ಅದು ಹೊಟ್ಟೆಪಾಡು. ಆದರೆ ಅದನ್ನೇ ಪ್ರಯೋಗ ಅಂತ ಪೋಸ್ಟರ್ ಹಾಕಿಸಿಕೊಂಡರೆ ನಗು ಬರುತ್ತದೆ.

ನಿಜವಾದ ಪ್ರಯೋಗ ಹೇಗಿರುತ್ತದೆ ಅಂತ ಕೇಳಿದರೆ ನಾನು ಬೀಟಲ್ಸ್ ತಂಡದ 1966ರ ಕೆಲಸ ತೋರಿಸುತ್ತೇನೆ. ಆ ಹೊತ್ತಿಗೆ ಅವರಿಗಿಂತ ದೊಡ್ಡ ಪಾಪ್ ತಂಡ ಇರಲಿಲ್ಲ. ಹಳೇ ಥರದ ಪ್ರೇಮಗೀತೆಗಳನ್ನೇ ಮಾಡಿಕೊಂಡಿದ್ದರೂ ಇನ್ನೂ ಹಲವು ವರ್ಷ ಆರಾಮಾಗಿ ನಡೆಯುತ್ತಿತ್ತು. ಆದರೂ 'ರಿವಾಲ್ವರ್' ಆಲ್ಬಮ್ಮಿಗೆ ಅವರು ಮೊದಲು ಕೈಹಾಕಿದ್ದೇ 'ಟುಮಾರೋ ನೆವರ್ ನೋಸ್' ಅನ್ನುವ ವಿಚಿತ್ರ ಹಾಡಿಗೆ. ಹೆಚ್ಚೂಕಡಿಮೆ ಇಡೀ ಹಾಡು ಒಂದೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೇಲೆ ನಿಂತಿದೆ. ಹಿಂದೆ ತಂಬೂರಿ ಇದೆ. ತಂಬೂರಿ ಕೇಳಿ ಬೆಳೆದ ನಮಗೆ ಇದರಲ್ಲೇನು ವಿಶೇಷ ಅನಿಸಬಹುದು. ಮೂರು ನಿಮಿಷದಲ್ಲಿ ನಾಲ್ಕೈದು ಕಾರ್ಡ್ ಬದಲಾಯಿಸಿ ಅಭ್ಯಾಸವಿದ್ದ ಪಾಪ್ ಲೋಕಕ್ಕೆ ಅದು ದೊಡ್ಡ ವಿಷಯವೇ.

ಅದಕ್ಕಿಂತ ಮಜಾ ಟೇಪಿನ ಕೆಲಸ. ತಂಡದ ಪಾಲ್ ಮೆಕಾರ್ಟ್ನಿ ಮನೆಯಲ್ಲಿದ್ದ ಟೇಪ್ ರೆಕಾರ್ಡರಿನ ಅಳಿಸುವ ಹೆಡ್ ಕೆಲಸ ಮಾಡದಂತೆ ಮಾಡಿದ್ದ. ಹಾಗೆ ಮಾಡಿದರೆ ಹಳೇ ಶಬ್ದ ಅಳಿಸದೆ, ಅದರ ಮೇಲೆ ಹೊಸದು, ಅದರ ಮೇಲೆ ಮತ್ತೊಂದು ಕೂರುತ್ತಾ ಹೋಗುತ್ತದೆ. ಆ ಟೇಪನ್ನು ಕತ್ತರಿಸಿ, ತುದಿಗೆ ತುದಿ ಅಂಟಿಸಿ ಲೂಪ್ ಮಾಡಿಕೊಂಡು ಸ್ಟುಡಿಯೋಕ್ಕೆ ತಂದ. ಲಂಡನ್ನಿನ ಆ ಸ್ಟುಡಿಯೋದಲ್ಲಿ ಬೇರೆ ಬೇರೆ ಮಷಿನ್‌ಗಳ ಮೇಲೆ ಲೂಪ್‌ಗಳು ಸುತ್ತುತ್ತಿದ್ದವು. ಅಲ್ಲಿನ ಸಿಬ್ಬಂದಿ ಪೆನ್ಸಿಲ್ ತೂರಿಸಿ ಟೇಪನ್ನು ಬಿಗಿಯಾಗಿ ಹಿಡಿದು ನಿಂತಿದ್ದರು. ಮಿಕ್ಸರ್ ಮುಂದೆ ಕೂತವರು ಆಗಿಂದಾಗಲೇ ಒಂದನ್ನು ಏರಿಸಿ, ಇನ್ನೊಂದನ್ನು ಇಳಿಸಿ ರೆಕಾರ್ಡ್ ಮಾಡಿದರು. ಮತ್ತೆ ಅದೇ ಥರ ಮಾಡಿ ಅಂದರೆ ಅವರಿಗೇ ಆಗುತ್ತಿರಲಿಲ್ಲ. ತಂಡದ ಇನ್ನೊಬ್ಬ ಹಾಡುಗಾರ ಜಾನ್ ಲೆನನ್‌ಗೆ ತನ್ನ ದನಿ ಬೆಟ್ಟದ ಮೇಲಿಂದ ದಲೈ ಲಾಮಾ ಪಠಿಸಿದ ಹಾಗೆ ಕೇಳಬೇಕಿತ್ತು. ಎಂಜಿನಿಯರ್ ಜೆಫ್ ಎಮರಿಕ್ ಆ ದನಿಯನ್ನು ಆರ್ಗನ್ನಿನ ತಿರುಗುವ ಸ್ಪೀಕರ್ ಮೂಲಕ ಹಾಯಿಸಿದ. ಎಮರಿಕ್‌ಗೆ ಆಗ ಇಪ್ಪತ್ತರ ಆಸುಪಾಸು.

ಆಲ್ಬಮ್ ಬಂದದ್ದು ಆಗಸ್ಟಿನಲ್ಲಿ. ಅದೇ ತಿಂಗಳು ಅಮೆರಿಕದಲ್ಲಿ ಅವರ ಟೂರ್. ಅದರಲ್ಲಿ ಈ ಆಲ್ಬಮ್ಮಿನ ಒಂದು ಹಾಡನ್ನೂ ಅವರು ಸ್ಟೇಜಿನಲ್ಲಿ ಹಾಡಲಿಲ್ಲ. ಟೂರ್ ಮುಗಿದ ಮೇಲೆ ಟಿಕೆಟ್ ಕಾರ್ಯಕ್ರಮಗಳನ್ನೇ ಬಿಟ್ಟರು. ಆರ್ಕೆಸ್ಟ್ರಾದವನಾಗಿ ಹೇಳುತ್ತೇನೆ, ಸ್ಟೇಜಿನಲ್ಲಿ ನುಡಿಸಲು ಆಗದ ಹಾಡು ಮಾಡುವುದು ಅಂದರೆ ಬರುವ ದುಡ್ಡಿಗೆ ಬಾಗಿಲು ಹಾಕಿದ ಹಾಗೆ. ಅಷ್ಟು ದೊಡ್ಡ ತಂಡಕ್ಕಲ್ಲದೆ ಬೇರೆ ಯಾರಿಗೂ ಅದು ಸಾಧ್ಯವಿರಲಿಲ್ಲ.

ಹಾಗಂತ ಟೇಪ್ ಲೂಪ್ ಬೀಟಲ್ಸ್ ಕಂಡುಹಿಡಿದದ್ದಲ್ಲ. ಜರ್ಮನಿಯ ಸ್ಟಾಕ್‌ಹೌಸನ್ ಥರದವರು 1950ರ ದಶಕದಲ್ಲೇ ಟೇಪ್ ಕತ್ತರಿಸಿ ಅಂಟಿಸಿ ಸಂಗೀತ ಮಾಡುತ್ತಿದ್ದರು. ಅದನ್ನು ಕೇಳುತ್ತಿದ್ದವರು ಬೆರಳೆಣಿಕೆಯಷ್ಟು ಜನ. ಮೆಕಾರ್ಟ್ನಿ ಅವರಲ್ಲಿ ಒಬ್ಬ. ಪಾಪ್‌ನಲ್ಲಿ ಜಾಸ್ತಿ ನಡೆಯುವುದು ಹೀಗೆಯೇ. ಅಡಿಕೆ ಬೆಳೆಯುವವನು ಒಬ್ಬ, ಮಂಡಿಗೆ ಒಯ್ಯುವವನು ಇನ್ನೊಬ್ಬ. ಸ್ಟಾರ್ ಮಂಡಿಗೆ ಒಯ್ಯುವವನು.

ರೋಲ್ಯಾಂಡ್ ಕಂಪನಿಯ ಟಿಆರ್-808 ಡ್ರಮ್ ಮಷಿನ್ ಕಥೆಯೂ ಇದೇ. 1980ರಲ್ಲಿ ಬಂತು. ಅದರ ಡ್ರಮ್ ನಿಜವಾದ ಡ್ರಮ್ ಥರ ಕೇಳಿಸುವುದಿಲ್ಲ ಅಂತ ಮೂಗು ಮುರಿದರು. 1983ಕ್ಕೆ ತಯಾರಿಕೆಯೇ ನಿಂತಿತು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ಕೈಯಲ್ಲಿ ಕಾಸಿಲ್ಲದ ಹುಡುಗರು ಕೊಂಡರು. ಹಿಪ್‌ಹಾಪ್‌ನ ಒಂದು ದೊಡ್ಡ ಭಾಗ ಅದರ ಮೇಲೆಯೇ ಎದ್ದು ನಿಂತಿತು. ಇವತ್ತು ನಮ್ಮ ಪ್ಯಾಡಿನಲ್ಲೂ ಅದೇ ಗುಂಯ್ ಅನ್ನುವ ಕಿಕ್ ಇದೆ. ಡಿಜೆ ಗಾಡಿಯ ಹಿಂದೆ ಕುಣಿಯುವ ನಮ್ಮ ಹುಡುಗರ ಎದೆ ನಡುಗಿಸುವುದೂ ಅದೇ.

ನನ್ನ ಲೆಕ್ಕಕ್ಕೆ ಸಿಗದ ಒಂದು ಹಾಡೂ ಇದೆ. ಅಮೆರಿಕದ ಗಾಯಕಿ ಷೇರ್ ಹಾಡಿದ 'ಬಿಲೀವ್', 1998ರದ್ದು. ಆಕೆಗೆ ಆಗ 52 ವರ್ಷ. ಅದರ ಹಿಂದಿನ ಆಲ್ಬಮ್ ಅಮೆರಿಕದಲ್ಲಿ ಹೇಳಿಕೊಳ್ಳುವಂತೆ ಮಾರಾಟವಾಗಿರಲಿಲ್ಲ. ಒಂದು ಹಿಟ್ ಬೇಕೇ ಬೇಕಿತ್ತು. ಡ್ಯಾನ್ಸ್ ಹಾಡು ಓಡುತ್ತಿದ್ದ ಕಾಲ, ಡ್ಯಾನ್ಸ್ ಹಾಡು ಮಾಡಿದರು. ಇಷ್ಟು ಕೇಳಿದರೆ ಅಪ್ಪಟ ಟ್ರೆಂಡ್. ಆದರೆ ಆ ದನಿ! ಅದಕ್ಕೆ ಹಿಂದಿನ ವರ್ಷವಷ್ಟೇ ಆಟೋಟ್ಯೂನ್ ಅನ್ನುವ ಸಾಫ್ಟ್‌ವೇರ್ ಬಂದಿತ್ತು. ಮಾಡಿದವರು ಆಂಡಿ ಹಿಲ್ಡೆಬ್ರಾಂಡ್, ಮೊದಲು ತೈಲ ನಿಕ್ಷೇಪ ಹುಡುಕುವ ಕೆಲಸದಲ್ಲಿದ್ದವರು. ಭೂಮಿಯೊಳಗೆ ಕಳಿಸಿದ ಶಬ್ದದ ಪ್ರತಿಧ್ವನಿ ಓದುವ ಲೆಕ್ಕವನ್ನು ಹಾಡಿನ ಶ್ರುತಿಗೆ ತಂದರು. ಯಾರಿಗೂ ಗೊತ್ತಾಗದ ಹಾಗೆ ಅಪಸ್ವರ ತಿದ್ದಬೇಕು, ಅದಿದ್ದದ್ದೇ ಅದಕ್ಕೆ. ಎಷ್ಟು ಬೇಗ ತಿದ್ದಬೇಕು ಅನ್ನುವುದಕ್ಕೆ ಒಂದು ಸೆಟ್ಟಿಂಗ್ ಇದೆ. ನಿಧಾನಕ್ಕೆ ಇಟ್ಟರೆ ಸಹಜವಾಗಿರುತ್ತದೆ. ಷೇರ್ ಹಾಡಿನಲ್ಲಿ ಅದನ್ನು ಸೊನ್ನೆಗೆ ಇಳಿಸಿದರು. ಆಗ ಒಂದು ಸ್ವರದಿಂದ ಇನ್ನೊಂದಕ್ಕೆ ದನಿ ಜಾರುವುದೇ ಇಲ್ಲ, ಪಟಕ್ಕನೆ ಹಾರುತ್ತದೆ.

ನಮ್ಮ ಸಂಗೀತದವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗಬೇಕು. ನಮಗೆ ಜಾರುವಿಕೆಯೇ ಜೀವ. ಹಾರ್ಮೋನಿಯಂನಲ್ಲಿ ಅದು ಬರುವುದಿಲ್ಲ ಅನ್ನುವ ಆಕ್ಷೇಪದ ಮೇಲೆ 1940ರಲ್ಲಿ ಆಕಾಶವಾಣಿ ಆ ವಾದ್ಯವನ್ನೇ ದೂರ ಇಟ್ಟಿತ್ತು, ಮೂರು ದಶಕಗಳ ಕಾಲ. ಷೇರ್ ತಂಡ ಜಾರುವಿಕೆಯನ್ನು ಬೇಕೆಂದೇ ಕೊಂದು ಹಿಟ್ ಮಾಡಿತು. ಕಂಪನಿಯವರು ಅದನ್ನು ತೆಗೆಯಿರಿ ಅಂದರೂ ಆಕೆ ಒಪ್ಪಲಿಲ್ಲ. ಗುಟ್ಟು ಬಿಡಬಾರದು ಅಂತ ನಿರ್ಮಾಪಕರು ಮೊದಲು ಬೇರೆ ಯಾವುದೋ ಉಪಕರಣದ ಹೆಸರು ಹೇಳಿದರು. ಆಮೇಲೆ ಗುಟ್ಟು ಬಯಲಾಯಿತು, ಎಲ್ಲರೂ ಹಿಂದೆ ಬಿದ್ದರು. ಈಗ ನಮ್ಮಲ್ಲಿ ಮೊದಲ ಸಲ ಮೈಕ್ ಹಿಡಿಯುವ ಹುಡುಗನೂ "ಅಣ್ಣಾ, ಸ್ವಲ್ಪ ಆಟೋಟ್ಯೂನ್ ಹಾಕಿ" ಅನ್ನುತ್ತಾನೆ. ಅಂದರೆ ಓಟ ನಿಂತ ಮೇಲೆ ದಾರಿ ಬದಲಿಸಿದವರಿಂದಲೂ ಹೊಸದು ಬರಬಹುದು. ಅಪರೂಪ, ಅಷ್ಟೇ.

ನಮ್ಮ ಕಡೆಯ ಮಾತು ಬಂದರೆ, ನನ್ನ ಪ್ರಕಾರ ಮಲೆನಾಡು, ಕರಾವಳಿಯ ದೊಡ್ಡ ಪಾಪ್ ಸ್ಟಾರ್ ಗಿಟಾರ್ ಹಿಡಿದವನಲ್ಲ, ತಾಳ ಹಿಡಿದವರು. ಯಕ್ಷಗಾನದ ಬಡಗುತಿಟ್ಟು ಶೈಲಿಯಲ್ಲಿ ಪದ ಹಾಡುವ ಭಾಗವತ ಕಾಳಿಂಗ ನಾವಡರು. ಸಾಲಿಗ್ರಾಮ ಮೇಳದಲ್ಲಿದ್ದರು. ಹೊಸನಗರದ ಕಡೆಯ ನನ್ನ ದೊಡ್ಡಪ್ಪ ಹೇಳುತ್ತಿದ್ದರು, ಡೇರೆ ಮೇಳ ಬಂದರೆ ಪ್ರಸಂಗ ಯಾವುದು ಅಂತ ಕೇಳುವ ಮೊದಲು ಜನ ನಾವಡರು ಇದ್ದಾರಾ ಅಂತ ಕೇಳುತ್ತಿದ್ದರಂತೆ. ಯಕ್ಷಗಾನಕ್ಕೆ ಹೊಸ ರಾಗಗಳನ್ನು ತಂದರು, ಪದ ಹೇಳುವ ರೀತಿ ಬದಲಿಸಿದರು. ಇದೇನು ಸಿನಿಮಾ ಹಾಡಾ ಅಂತ ಆಕ್ಷೇಪ ಎತ್ತಿದವರೂ ಇದ್ದರು.

ಆದರೆ ಅವರು ನಾರಣಪ್ಪ ಉಪ್ಪೂರರ ಶಿಷ್ಯ. ಹಳೇ ಮಟ್ಟು ಗಂಟಲಲ್ಲಿ ಗಟ್ಟಿಯಾಗಿ ಕೂತಿತ್ತು. ರಾಗ ಎಲ್ಲಿಗೇ ಹೋಗಲಿ, ತಾಳ ಕೈಬಿಡುತ್ತಿರಲಿಲ್ಲ. ಮದ್ದಳೆ, ಚಂಡೆಯವರು, ಎದುರಿಗೆ ಕುಣಿಯುವ ವೇಷಧಾರಿ, ಇವರಿಗೆಲ್ಲ ಗೊಂದಲವಾಗದ ಹಾಗೆ ಹೊಸದನ್ನು ಕೂರಿಸಬೇಕು. ಸ್ಟುಡಿಯೋ ಇಲ್ಲ, ಎರಡನೇ ಟೇಕ್ ಇಲ್ಲ. ಹಿಡಿಸದಿದ್ದರೆ ಎದುರಿಗೆ ಕೂತವರು ಎದ್ದೇ ಹೋಗುತ್ತಾರೆ. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 32 ಕೂಡ ತುಂಬಿರಲಿಲ್ಲ. ಆಮೇಲೆ ಅವರ ಥರ ಹಾಡುವುದೇ ಒಂದು ಟ್ರೆಂಡ್ ಆಯಿತು. ಅದರಲ್ಲಿ ಸುಮ್ನೆ ಅವರ ಏರುದನಿ ಮಾತ್ರ ಹಿಡಿದುಕೊಂಡವರೇ ಜಾಸ್ತಿ ಅಂತ ನನ್ನ ಅಭಿಪ್ರಾಯ. ಬೈಯುವವರು ಬೈಯಲಿ.

'ನಿತ್ಯೋತ್ಸವ' ಕ್ಯಾಸೆಟ್ಟನ್ನೂ ನಾನು ಈ ಸಾಲಿಗೇ ಸೇರಿಸುತ್ತೇನೆ. 1978ರಲ್ಲಿ ಬಂತು, ಕನ್ನಡ ಸುಗಮ ಸಂಗೀತದ ಮೊದಲ ಕ್ಯಾಸೆಟ್. ಪದ್ಯ ನಿಸಾರ್ ಅಹಮದ್ ಅವರದ್ದು, ನಮ್ಮ ಸಹ್ಯಾದ್ರಿ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರು. ರಾಗ ಹಾಕಿದ್ದು ಮೈಸೂರು ಅನಂತಸ್ವಾಮಿ. ಸಿನಿಮಾ ಹಾಡಿನ ಅಬ್ಬರದ ನಡುವೆ ಬರೀ ಕವಿತೆಯನ್ನು ಕ್ಯಾಸೆಟ್ ಮಾಡಿ ಮಾರುವುದು ಆಗ ಧೈರ್ಯದ ಕೆಲಸ. ಈಗ ಅದೇ ಹಾಡನ್ನು ರಾಜ್ಯೋತ್ಸವದ ಸ್ಟೇಜಿನಲ್ಲಿ ನಾನು ಬೇರೆ ಕಾರ್ಡ್ ಹಾಕಿ ನುಡಿಸಿದರೆ ಮುಂದಿನ ಸಾಲಿನಿಂದ ಒಬ್ಬರಾದರೂ ಹಿರಿಯರು ಕೈಯೆತ್ತುತ್ತಾರೆ. "ಅದು ಹಾಗಲ್ಲ ಮಾರಾಯ" ಅಂತ.

ಇನ್ನು ಈಗಿನ ಹಾಡುಗಳೆಲ್ಲ ಒಂದೇ ಥರ ಯಾಕೆ ಅನ್ನುವುದು. ಅರ್ಧ ಕಾರಣ ದುಡ್ಡಿನ ಲೆಕ್ಕ. ಸ್ಪಾಟಿಫೈಯಲ್ಲಿ ಹಾಡು 30 ಸೆಕೆಂಡ್ ಓಡಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಕೊಳಲು, ವಯಲಿನ್ ಅಂತ ಆರಾಮಾಗಿ ಶುರುವಾಗುವ ಬಿಟ್ ಯಾರಿಗೂ ಬೇಡ. ನೇರ ಪಲ್ಲವಿಗೆ ಬಂದುಬಿಡುತ್ತಾರೆ. ಇನ್ನರ್ಧ, ಹಾಡು ಮಾಡುವ ಕೈಗಳೇ ಕಡಿಮೆ. ಸ್ವೀಡನ್ನಿನ ಮ್ಯಾಕ್ಸ್ ಮಾರ್ಟಿನ್ ಒಬ್ಬರೇ 1990ರ ದಶಕದ ಕೊನೆಯಿಂದ ಇವತ್ತಿನವರೆಗೆ ಬ್ರಿಟ್ನಿ ಸ್ಪಿಯರ್ಸ್, ಕೇಟಿ ಪೆರಿ, ದಿ ವೀಕೆಂಡ್, ಹೀಗೆ ಎಷ್ಟೋ ಜನರಿಗೆ ಹಿಟ್ ಕೊಟ್ಟಿದ್ದಾರೆ. ಮುಖ ಬೇರೆ, ಅಡುಗೆಯವರು ಅವರೇ.

ಈಗ ನಿಮ್ಮ ತಂಗಿಯ ವಿಷಯ. ಟೇಲರ್ ಸ್ವಿಫ್ಟ್ 2012ರ 'ರೆಡ್' ಆಲ್ಬಮ್ಮಿನಲ್ಲಿ ಇದೇ ಮ್ಯಾಕ್ಸ್ ಮಾರ್ಟಿನ್ ಜೊತೆ ಸೇರಿದರು. ಅದರ ಒಂದು ಹಾಡಿನಲ್ಲಿ ಡಬ್‌ಸ್ಟೆಪ್ ಅನ್ನುವ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತದ ಥರ ಬೇಸ್ ಗರಗರ ಅನ್ನುತ್ತದೆ. ಆಗ ಡಬ್‌ಸ್ಟೆಪ್ ಎಲ್ಲ ಕಡೆ ಓಡುತ್ತಿತ್ತು. ಅಲ್ಲಿ ನೀವು ಹೇಳಿದ್ದೇ ಸರಿ, ಟ್ರೆಂಡ್. 2014ರ '1989'ರಲ್ಲಿ ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ ಬಿಟ್ಟು ಪೂರ್ತಿ ಪಾಪ್‌ಗೆ ಬಂದರು. ಓಡುತ್ತಿದ್ದ ದಾರಿ ಬಿಟ್ಟದ್ದು ನಿಜ. ಆದರೆ ಬಿಟ್ಟು ಹೋದದ್ದು ಇನ್ನೂ ಅಗಲವಾದ ರಸ್ತೆಗೆ. ಇದಕ್ಕೆ ನಾನು ಅರ್ಧ ಮಾರ್ಕ್ಸ್ ಕೊಡುತ್ತೇನೆ.

2020ರ 'ಫೋಕ್‌ಲೋರ್' ಬೇರೆ. ದೊಡ್ಡ ಸ್ಟೇಡಿಯಂ ಹಾಡುಗಳು ಓಡುತ್ತಿರುವಾಗಲೇ, ಒಂದು ದಿನವೂ ಮುಂಚೆ ಹೇಳದೆ, ಮೆಲುದನಿಯ ಆಲ್ಬಮ್ ಬಿಟ್ಟರು. ಕೋವಿಡ್ ಕಾಲ, ಟೂರ್ ಹೇಗೂ ಇರಲಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. 'ದಿ ನ್ಯಾಷನಲ್' ಅನ್ನುವ ರಾಕ್ ತಂಡದ ಆರನ್ ಡೆಸ್ನರ್ ದೂರದಿಂದಲೇ ಟ್ರ್ಯಾಕ್ ಕಳಿಸಿದರು, ಈಕೆ ಅದರ ಮೇಲೆ ಹಾಡು ಕಟ್ಟಿದರು. ಆ ಥರದ ಸದ್ದು ಡೆಸ್ನರ್ ಬಳಿ ಎಷ್ಟೋ ವರ್ಷದಿಂದ ಇತ್ತು. ಅಂದರೆ ಸಂಗೀತಕ್ಕೆ ಹೊಸದಲ್ಲ, ಆಕೆಗೆ ಹೊಸದು. ಅಷ್ಟನ್ನು ಪ್ರಯೋಗ ಅಂತ ಒಪ್ಪಲು ನನಗೇನೂ ತಕರಾರಿಲ್ಲ. ನಿಮ್ಮ ತಂಗಿ ಇಲ್ಲಿ ಗೆದ್ದಳು.

ಆದರೂ 'ದಿ ನ್ಯಾಷನಲ್' ತಂಡದ 2019ರ 'ಐ ಆ್ಯಮ್ ಈಸಿ ಟು ಫೈಂಡ್' ಹಾಕಿ, ಅದರ ಹಿಂದೆಯೇ 'ಫೋಕ್‌ಲೋರ್' ಕೇಳಿಸಿ. ಆ ಪಿಯಾನೋ ಯಾರ ಮನೆಯಿಂದ ಬಂತು ಅಂತ ಅವಳಿಗೇ ಗೊತ್ತಾಗುತ್ತದೆ. ಹೆಡ್‌ಫೋನ್ ಕೊಟ್ಟು ಕೇಳಿಸಿ, ಫೋನ್ ಸ್ಪೀಕರಿನಲ್ಲಿ ಕೆಳಗಿನ ಸ್ವರಗಳು ಅರ್ಧಕ್ಕರ್ಧ ಕೇಳಿಸುವುದೇ ಇಲ್ಲ.