ಗ್ಲೈಸಿನ್ ಮೀಥೈಲ್ ಎಸ್ಟರ್ ರಾತ್ರಿ ಇಟ್ಟರೆ ಬಿಳಿ ಪುಡಿ: ಒಂದು ಪ್ರಶ್ನೆಗೆ ಉತ್ತರ

ನೀವು ಕೇಳಿದಂತೆ, ಹೈಡ್ರೋಕ್ಲೋರೈಡ್ ಲವಣವನ್ನು ತಟಸ್ಥಗೊಳಿಸಿ ತೆಗೆದ ಎಣ್ಣೆಯಂಥ ಗ್ಲೈಸಿನ್ (ಒಂದು ಅಮೈನೋ ಆಮ್ಲ) ಎಸ್ಟರ್ ಬೆಳಗಾಗುವಷ್ಟರಲ್ಲಿ ಡಿಸಿಎಂನಲ್ಲಿ (ಡೈಕ್ಲೋರೋಮೀಥೇನ್ ದ್ರಾವಕ) ಕರಗದ ಪುಡಿಯಾಗಿದೆ ಎಂದರೆ, ಅದು ಬಹುಪಾಲು ಡೈಕೀಟೋಪೈಪರಜೀನ್, ಅಂದರೆ ಎರಡು ಎಸ್ಟರ್ ಅಣುಗಳು ಸೇರಿ ಆದ ಉಂಗುರ. ಒಂದು ಅಣುವಿನ ಅಮೈನ್ ಇನ್ನೊಂದರ ಎಸ್ಟರ್ ಮೇಲೆ ಬಿದ್ದು, ಮೆಥನಾಲ್ ಕಳಚಿ ಉಂಗುರವಾಗುತ್ತದೆ. ಪಕ್ಕಸರಪಳಿ ಇಲ್ಲದ ಗ್ಲೈಸಿನ್‌ಗೆ ಇದು ತೀರಾ ಸಲೀಸು.

ಎನ್ಎಂಆರ್ (ಅಣುವಿನ ರಚನೆ ತೋರಿಸುವ ಪರೀಕ್ಷೆ) ನೋಡದೆ ಖಚಿತ ಹೇಳಲಾರೆ. ಡಿಎಂಎಸ್ಒ-ಡಿ6 ದ್ರಾವಕದಲ್ಲಿ ಕಾರ್ಬನ್ ಎನ್ಎಂಆರ್ ತೆಗೆಸಿ. 52 ಪಿಪಿಎಂ (ಎನ್ಎಂಆರ್ ಅಳತೆ) ಸುತ್ತ ಎಸ್ಟರ್‌ನ ಮೀಥಾಕ್ಸಿ ಗುಂಪಿನ ಗುರುತು ಇಲ್ಲದಿದ್ದರೆ ಅದು ಡೈಕೀಟೋಪೈಪರಜೀನೇ. ಪ್ರೋಟಾನ್ ಎನ್ಎಂಆರ್ ನಂಬಬೇಡಿ, ಮೀಥಾಕ್ಸಿ ಬರುವ 3.7ರ ಬಳಿಯೇ ಉಂಗುರದ ಸಿಎಚ್2 ಕೂತು ದಾರಿ ತಪ್ಪಿಸುತ್ತದೆ.

ಪುಡಿ ಬಿಸಾಕಿ. ಇನ್ನು ಮುಂದೆ ಹೈಡ್ರೋಕ್ಲೋರೈಡ್ ಲವಣವಾಗಿಯೇ ಡೆಸಿಕೇಟರ್‌ನಲ್ಲಿಡಿ (ತೇವ ತಡೆಯುವ ಪಾತ್ರೆ), ಯಾಕೆಂದರೆ ಲವಣ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಕಪ್ಲಿಂಗ್‌ಗೆ (ಎಸ್ಟರನ್ನು ಇನ್ನೊಂದು ಅಮೈನೋ ಆಮ್ಲಕ್ಕೆ ಜೋಡಿಸಲು) 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಾಕ್-ಆಮ್ಲ (ಅಮೈನ್ ಮುಚ್ಚಿಟ್ಟ ಅಮೈನೋ ಆಮ್ಲ) 1, ಆಮ್ಲವನ್ನು ಸಕ್ರಿಯಗೊಳಿಸುವ ಎಚ್ಒಬಿಟಿ 1.1, ಇಡಿಸಿ 1.2 ಈಕ್ವಿವಲೆಂಟ್ (ಮೋಲ್ ಅನುಪಾತ) ಹಾಕಿ 15 ನಿಮಿಷ ಕಲಕಿ; ನಂತರ ಎಸ್ಟರ್ ಲವಣ 1.1, ಕೊನೆಗೆ ಲವಣದಿಂದ ಎಸ್ಟರ್ ಬಿಡಿಸುವ ಪ್ರತ್ಯಾಮ್ಲ ಡಿಐಪಿಇಎ 2.5. ಎಸ್ಟರ್ ಬಿಡುಗಡೆಯಾದ ಕೂಡಲೇ ಸಕ್ರಿಯ ಆಮ್ಲ ಸಿಗುವಂತಿರಬೇಕು.