ಹೊಸನಗರ ತಾಲ್ಲೂಕಿನ ನಮ್ಮೂರ ಹಳೇ ದೇವಸ್ಥಾನದ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಬರೆಯಬೇಕು. ಅಳಿಸಿಹೋಗದಂತೆ ಬರೆಯುವುದು ಹೇಗೆ?

ಬರೆಯಲು ಕೂರುವ ಮೊದಲು ಆಧಾರ ಕೂಡಿಸಿಕೊಳ್ಳಿ. ದೇವಸ್ಥಾನಕ್ಕೆ ಸಂಬಂಧಪಡದವರು ಬರೆದು ಪ್ರಕಟವಾದ ಎರಡು ಮೂರು ಮೂಲಗಳಾದರೂ ಬೇಕು. ಸಮಿತಿಯ ಕರಪತ್ರ, ಫೇಸ್‌ಬುಕ್ ಪುಟ ಸಾಲದು. ಊರ ಹಿರಿಯರು ಹೇಳಿದ್ದು ನಿಜವೇ ಇರಬಹುದು, ಆದರೆ ಎಲ್ಲೂ ಅಚ್ಚಾಗದಿದ್ದರೆ ದೂರದ ಓದುಗ ಅದನ್ನು ತಾಳೆ ನೋಡುವುದು ಹೇಗೆ?

ಈ ವಿಷಯದಲ್ಲಿ ನಮ್ಮ ಜಿಲ್ಲೆ ಪುಣ್ಯ ಮಾಡಿದೆ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ (1902) ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ; 8ರಲ್ಲಿ (1904) ಸೊರಬ, ಸಾಗರ, ನಗರ, ತೀರ್ಥಹಳ್ಳಿಯವು. ಹೊಸನಗರ ಎಂದು ಹುಡುಕಿದರೆ ಸಿಗುವುದಿಲ್ಲ, ಆಗಿನ ತಾಲ್ಲೂಕು ನಗರ. ಅದರಡಿ ನಿಮ್ಮೂರ ಹೆಸರು ನೋಡಿ. ರೈಸ್ ತೀರಿಕೊಂಡದ್ದು 1927ರಲ್ಲಿ, ಹಕ್ಕುಸ್ವಾಮ್ಯದ ತೊಡಕಿಲ್ಲ. ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿದೆ. ಉಲ್ಲೇಖ ಕೊಡುವಾಗ ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ ಮೂರೂ ಇರಲಿ. ತಾಳಗುಂದದ ಸ್ತಂಭಶಾಸನವಾದರೆ 'ಸಂಪುಟ 7, ಶಿಕಾರಿಪುರ 176'.

ಶಾಸನದಲ್ಲಿರುವ ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಪುಷ್ಯ, ಮಾಘ, ಫಾಲ್ಗುಣದ ತಿಥಿಗೆ ಅಷ್ಟರಲ್ಲಿ ಜನವರಿ ದಾಟಿರುವುದರಿಂದ ಸಾಮಾನ್ಯವಾಗಿ 79 ಆಗುತ್ತದೆ. ಲೆಕ್ಕ ಹಾಕುವುದಕ್ಕಿಂತ ಪುಸ್ತಕದಲ್ಲಿ ಕೊಟ್ಟ ಇಸವಿಯನ್ನೇ ಹಾಕುವುದು ಕ್ಷೇಮ. ಕಲ್ಲನ್ನು ನೀವೇ ಓದಿ ಹೊಸ ಅರ್ಥ ಕಂಡಿದ್ದರೆ ಅದು ಸ್ವಂತ ಸಂಶೋಧನೆ. ಮೊದಲು ಯಾವುದಾದರೂ ಇತಿಹಾಸ ಪತ್ರಿಕೆಯಲ್ಲಿ ಬರಲಿ, ಆಮೇಲೆ ವಿಕಿಗೆ.

ಇನ್ನು ಬರವಣಿಗೆ. ಲಾಗಿನ್ ಆಗಿ 'ನನ್ನ ಪ್ರಯೋಗಪುಟ'ದಲ್ಲಿ ಶುರು ಮಾಡಿ. 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಕಡತವನ್ನು ಹಾಗೇ ಅಂಟಿಸಿದರೆ ಅಕ್ಷರವೆಲ್ಲ ಕಲಸುಮೇಲೋಗರ ಆಗುತ್ತದೆ, ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಪುಸ್ತಕದ ವಾಕ್ಯವನ್ನು ನಕಲು ಮಾಡದೆ ನಿಮ್ಮ ಮಾತಿನಲ್ಲಿ ಬರೆದು, ಹೇಳಿಕೆ ಮುಗಿದಲ್ಲೇ ಉಲ್ಲೇಖ ಸೇರಿಸಿ. 'ನೋಡಲು ಎರಡು ಕಣ್ಣು ಸಾಲದು', 'ಬೇಡಿದ್ದನ್ನು ಕರುಣಿಸುವ ಸ್ವಾಮಿ' ಇಂಥವನ್ನೆಲ್ಲ ತೆಗೆಯಿರಿ. ಅರ್ಚಕರ ಫೋನ್ ನಂಬರು, ಸೇವೆಯ ದರಪಟ್ಟಿ ಕೂಡ ಬೇಡ. ಜಾಹೀರಾತೆಂದು ಲೇಖನ ಅಳಿಸಲು ಅಷ್ಟೇ ಸಾಕು. ಪಾಂಡವರು ಕಟ್ಟಿದರೆಂಬ ಸ್ಥಳಪುರಾಣ ಇದ್ದರೆ ಇತಿಹಾಸದೊಳಗೆ ಬೆರೆಸದೆ, ಐತಿಹ್ಯ ಎಂದು ಬೇರೆ ತಲೆಬರಹದಡಿ ಇಡಿ.

ಫೋಟೊ ನೀವೇ ತೆಗೆದದ್ದಾಗಿರಲಿ, ವಿಕಿಪೀಡಿಯದ ಚಿತ್ರಗಳನ್ನು ಇಡುವ ತಾಣವಾದ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿ. ಕಟ್ಟಡ, ಶಿಲ್ಪಕ್ಕೆ ಅಡ್ಡಿಯಿಲ್ಲ. ಇತ್ತೀಚೆಗೆ ಗೋಡೆಗೆ ಬಿಡಿಸಿದ ಬಣ್ಣದ ಚಿತ್ರದ ಹಕ್ಕು ಕಲಾವಿದರದ್ದು, ಅದನ್ನು ಬಿಡಿ. ವಾಟ್ಸಾಪಿನಲ್ಲಿ ಬಂದದ್ದನ್ನಂತೂ ಹಾಕಲೇಬೇಡಿ.

ಇಷ್ಟಾದ ಮೇಲೂ ಅಳಿಸುವ ಸೂಚನೆ ಬಿದ್ದರೆ ಅದನ್ನು ಕಿತ್ತುಹಾಕಬೇಡಿ. ಲೇಖನದ ಚರ್ಚೆ ಪುಟದಲ್ಲಿ ಆಧಾರಗಳನ್ನು ಬರೆದು, ಕೊನೆಗೆ ನಾಲ್ಕು ಟಿಲ್ಡೆ (~~~~) ಹಾಕಿ ಸಹಿ ಮಾಡಿ. ಯಾರೂ ಉತ್ತರಿಸದಿದ್ದರೆ ವಿಕಿಪೀಡಿಯದ ಸಾಮಾನ್ಯ ಚರ್ಚೆಯ ಪುಟವಾದ 'ಅರಳಿ ಕಟ್ಟೆ'ಯಲ್ಲಿ ಕೇಳಿ.